ಇಂಜಿನಿಯರ್ ಮಗನ ಸಾಲಕ್ಕೆ ಅಪ್ಪನ ಹೆಬ್ಬೆಟ್ಟು

ಸಿಇಟಿ ಫಲಿತಾಂಶ ಬಂದ ಮೇಲೆ ಗಜೇಂದ್ರಗಡ, ನರೇಗಲ್ಲ, ರೋಣದ ಕಡೆಯ ತಂದೆ-ತಾಯಿಗಳು ಕೇಳುವ ಮೊದಲ ಪ್ರಶ್ನೆ, 'ಯಾವ ಬ್ರ್ಯಾಂಚ್ ತಗೊಂಡ್ರ ನೌಕರಿ ಸಿಗತೈತ್ರಿ?' ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು ನಾನು ಎಂದು ಗೊತ್ತಿರುವುದರಿಂದ ಅದರ ಬೆನ್ನಿಗೇ ಎರಡನೆಯ ಪ್ರಶ್ನೆ ಬರುತ್ತದೆ, 'ಸಾಲ ಎಷ್ಟ ಸಿಗತೈತ್ರಿ?' ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ಕಡಿಮೆ. ಆ ನೌಕರಿಯ ಪಗಾರದಲ್ಲಿ ಆ ಸಾಲ ತೀರುತ್ತದೆಯೇ? ಶರಣಬಂಧುಗಳ ಮುಂದೆ ಈ ಮೂರನೆಯ ಪ್ರಶ್ನೆಯನ್ನಿಡಲು ಈ ಲೇಖನ ಬರೆಯುತ್ತಿದ್ದೇನೆ. ಇದು ಬರೀ ಒಂದು ಮನೆಯ ಜಮಾಖರ್ಚಿನ ವಿಷಯವಾಗಿದ್ದರೆ ಮಠದ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ.

ಕೃಷಿ ಇಂಜಿನಿಯರಿಂಗ್ ಪದವಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಒಕ್ಕಲುತನದ ಮನೆಯವರಿಗೆ ಈ ಪದವಿಯ ಮೇಲೆ ವಿಶೇಷ ಪ್ರೀತಿ. ಕೃಷಿಕರ ಕೋಟಾದಲ್ಲಿ ಸೀಟು ಸಿಗುವ ಆಸೆ ಒಂದು ಕಡೆ. 'ಕೃಷಿ'ಯೂ ಇದೆ, 'ಇಂಜಿನಿಯರ್' ಎಂಬ ಹೆಸರೂ ಇದೆ ಎಂಬ ಸಮಾಧಾನ ಇನ್ನೊಂದು ಕಡೆ. ಹೊಲವನ್ನೂ ಬಿಟ್ಟಂತಾಗಲಿಲ್ಲ, ಮಗ ಇಂಜಿನಿಯರೂ ಆದ. ನಮ್ಮ ದೇಶಕ್ಕೆ ಈ ವಿದ್ಯೆ ಹೊಸದಲ್ಲ. ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿ 1942ರಲ್ಲಿ, ಖರಗಪುರದ ಐಐಟಿಯಲ್ಲಿ 1952ರಲ್ಲಿ ಇದು ಶುರುವಾಯಿತು. ನಮ್ಮ ಭಾಗಕ್ಕೆ ರಾಯಚೂರಿನ ಕೃಷಿ ಇಂಜಿನಿಯರಿಂಗ್ ಕಾಲೇಜು 1987ರಲ್ಲಿ ಬಂತು. ಮೊದಲು ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು, 2008ರ ನಂತರ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತು. ಟ್ರ್ಯಾಕ್ಟರ್, ಕೂರಿಗೆ, ಕಟಾವು ಯಂತ್ರ, ಹನಿ ನೀರಾವರಿ, ಒಡ್ಡು-ಬದು, ಕೃಷಿ ಹೊಂಡ, ಕಾಳು-ಕಡಿಯ ಸಂಗ್ರಹಣೆ, ಸಂಸ್ಕರಣೆ ಇವೆಲ್ಲ ಆ ಓದಿನ ಒಳಗೆ ಬರುತ್ತವೆ. ಮಳೆಯನ್ನೇ ನಂಬಿ ಕಡಲೆ, ಜೋಳ, ಹೆಸರು, ಉಳ್ಳಾಗಡ್ಡಿ ಬೆಳೆಯುವ ನಮ್ಮ ಎರಿ ಹೊಲಗಳಿಗೆ ಇದಕ್ಕಿಂತ ಬೇಕಾದ ವಿದ್ಯೆ ಯಾವುದಿದೆ? ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಮಾತುಗಳನ್ನು ಓದಿ 'ಇವರು ಆ ಕೋರ್ಸು ಬೇಡ ಅಂತಾರ' ಎಂದು ಯಾರೂ ತಿಳಿಯಬಾರದು.

ಆದರೆ ಗಜೇಂದ್ರಗಡದ ಹುಡುಗನಿಗೆ ರಾಯಚೂರಿನ ಸೀಟು ಸುಲಭವಲ್ಲ. ಸಂವಿಧಾನದ 371(ಜೆ) ಕಲಮಿನ ಪ್ರಕಾರ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇಕಡಾ 70ರಷ್ಟು ಸೀಟು ಆ ಭಾಗದವರಿಗೆ. ಪಕ್ಕದ ಕುಷ್ಟಗಿ ತಾಲೂಕು ಕೊಪ್ಪಳ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿಯವರಿಗೆ ಈ ಸೌಲಭ್ಯವಿದೆ. ಗದಗ ಜಿಲ್ಲೆಯ ನಮಗಿಲ್ಲ. ಅದೇ ಮಣ್ಣು, ಅದೇ ಬರ. ನಡುವೆ ಜಿಲ್ಲೆಯ ಗಡಿಯ ಒಂದು ಕಲ್ಲು. ನೂರಾರು ವರ್ಷ ಹಿಂದುಳಿದ ಸೀಮೆಗೆ ಸಿಕ್ಕ ನ್ಯಾಯದ ಬಗ್ಗೆ ನನ್ನ ತಕರಾರಿಲ್ಲ. ಪರಿಣಾಮವನ್ನಷ್ಟೇ ಹೇಳುತ್ತಿದ್ದೇನೆ: ಸರಕಾರಿ ಸೀಟು ಕೈತಪ್ಪಿದಾಗ ನಮ್ಮವರು ಖಾಸಗಿ ಕಾಲೇಜಿಗೆ, ಕೆಲವರು ಮಹಾರಾಷ್ಟ್ರ, ತಮಿಳುನಾಡಿಗೆ ಹೋಗುತ್ತಾರೆ. ಸಾಲ ಶುರುವಾಗುವುದು ಅಲ್ಲಿ.

ಇನ್ನು ನೌಕರಿ. ನಮ್ಮ ಹಳ್ಳಿಗಳಲ್ಲಿ ಕೃಷಿ ಇಂಜಿನಿಯರಿಂಗ್ ಮುಗಿಸಿದವನು ಸೀದಾ ರೈತ ಸಂಪರ್ಕ ಕೇಂದ್ರದ ಸಾಹೇಬನಾಗುತ್ತಾನೆ ಎಂಬ ನಂಬಿಕೆಯಿದೆ. 2024ರಲ್ಲಿ ಲೋಕಸೇವಾ ಆಯೋಗ ಕೃಷಿ ಇಲಾಖೆಗೆ 945 ಹುದ್ದೆ ಕರೆಯಿತು. 128 ಕೃಷಿ ಅಧಿಕಾರಿ, 817 ಸಹಾಯಕ ಕೃಷಿ ಅಧಿಕಾರಿ. ಮೂಲ ವೇತನ ಸಹಾಯಕರಿಗೆ 40,900 ರೂಪಾಯಿಯಿಂದ, ಅಧಿಕಾರಿಗೆ 43,100ರಿಂದ. ಕೇಳಲು ಚೆಂದ. ಆದರೆ ನಿಯಮದಂತೆ ಅದರಲ್ಲಿ ಶೇಕಡಾ 85 ಬಿ.ಎಸ್ಸಿ. ಕೃಷಿ ಓದಿದವರಿಗೆ. ಕೃಷಿ ಇಂಜಿನಿಯರಿಂಗ್, ಆಹಾರ ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ, ಕೃಷಿ ಮಾರುಕಟ್ಟೆ ಎಂದು ನಾನಾ ಪದವಿಯವರೆಲ್ಲ ಕೂಡಿ ಹಂಚಿಕೊಳ್ಳಬೇಕಾದ್ದು ಉಳಿದ ಶೇಕಡಾ 15. ಅಂದರೆ ಇಡೀ ರಾಜ್ಯಕ್ಕೆ ಸುಮಾರು 140 ಹುದ್ದೆ, ಅದೂ ವರ್ಷ ವರ್ಷ ಕರೆಯುವುದಿಲ್ಲ. ತಮಿಳುನಾಡಿನಲ್ಲಿ ಕೃಷಿ ಇಂಜಿನಿಯರಿಂಗಿಗೇ ಪ್ರತ್ಯೇಕ ಇಲಾಖೆಯಿದೆ, ಮಧ್ಯಪ್ರದೇಶದಲ್ಲಿ ನಿರ್ದೇಶನಾಲಯವಿದೆ. ನಮ್ಮಲ್ಲಿ ಅಂಥದ್ದು ಬೇಕೆಂದು ವಿದ್ಯಾರ್ಥಿಗಳು ಪಾಠ ಬಿಟ್ಟು ಧರಣಿ ಕೂತದ್ದುಂಟು. ಒಂದು ಇಲಾಖೆಗೆ ಬೇಕಾದ ವಿದ್ಯೆಯನ್ನು ಸರಕಾರವೇ ಕಲಿಸಿ, ಕಲಿತವರಿಗೆ ಆ ಇಲಾಖೆಯ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಿಡುವುದು ಯಾವ ಲೆಕ್ಕ ಎಂದು ನನಗೂ ತಿಳಿದಿಲ್ಲ.

ಬ್ಯಾಂಕುಗಳಲ್ಲಿ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ಇವರು ಅರ್ಹರು. ಒಳ್ಳೆಯ ಪಗಾರ, ಆದರೆ ದೇಶದ ತುಂಬ ಪೈಪೋಟಿ. (ಒಕ್ಕಲಿಗನ ಮಗ ಸಾಲ ಮಾಡಿ ಇಂಜಿನಿಯರಿಂಗ್ ಓದಿ, ಕೊನೆಗೆ ಒಕ್ಕಲಿಗರಿಗೆ ಸಾಲ ಕೊಡುವ ಕುರ್ಚಿಯಲ್ಲಿ ಕೂಡುವುದು! ನಾನು ಅದೇ ಕುರ್ಚಿಯಲ್ಲಿ ಕೂತವನು, ನಗುವ ಅಧಿಕಾರ ನನಗಿದೆ.) ಉಳಿದವರು ಟ್ರ್ಯಾಕ್ಟರ್ ಷೋರೂಮು, ಹನಿ ನೀರಾವರಿ ವಿತರಕರು, ಬೀಜ-ಗೊಬ್ಬರದ ಕಂಪನಿಗಳಿಗೆ ಸೇರುತ್ತಾರೆ. ನಾನು ಕಂಡ ಹುಡುಗರಲ್ಲಿ ಹೆಚ್ಚಿನವರ ಮೊದಲ ಪಗಾರ ಹದಿನೈದು ಸಾವಿರದಿಂದ ಇಪ್ಪತ್ತೆರಡು ಸಾವಿರದೊಳಗೆ. ರೋಣ ತಾಲೂಕಿನ ಹಳ್ಳಿಯೊಂದರ ಹುಡುಗ, ಓದಿನಲ್ಲಿ ಚುರುಕು, ಈಗ ಪೈಪು-ಡ್ರಿಪ್ಪಿನ ಅಂಗಡಿಯೊಂದರಲ್ಲಿ ಹದಿನೆಂಟು ಸಾವಿರಕ್ಕಿದ್ದಾನೆ. ಬೈಕಿನ ಪೆಟ್ರೋಲು ಅವನದೇ.

ಈಗ ಸಾಲದ ಲೆಕ್ಕಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಫಾರ್ಮಿಗೆ ಸಹಿ ಹಾಕುವ ದಿನ ಇದನ್ನು ಕೂತು ಹೇಳುವ ಪುರುಸೊತ್ತು ಬ್ಯಾಂಕಿನವರಿಗೆ ಇರುವುದಿಲ್ಲ.

ನಾಲ್ಕು ವರ್ಷ, ವರ್ಷಕ್ಕೆ ಒಂದೂವರೆ ಲಕ್ಷದಂತೆ ಒಟ್ಟು 6 ಲಕ್ಷ ಎತ್ತಿದರೆಂದು ಹಿಡಿಯಿರಿ. ಬಡ್ಡಿ ಶೇಕಡಾ 10. ಓದುವ ನಾಲ್ಕು ವರ್ಷ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ. ಜನ ಇದನ್ನು 'ಬಡ್ಡಿಯಿಲ್ಲದ ಕಾಲ' ಎಂದು ತಿಳಿಯುತ್ತಾರೆ. ಹಾಗಲ್ಲ. ಮೊದಲ ವರ್ಷದ ಕಂತಿನ ಮೇಲೆ ಐದು ವರ್ಷದ ಬಡ್ಡಿ 75 ಸಾವಿರ, ಎರಡನೆಯದರ ಮೇಲೆ 60, ಮೂರನೆಯದರ ಮೇಲೆ 45, ನಾಲ್ಕನೆಯದರ ಮೇಲೆ 30. ಸರಳ ಬಡ್ಡಿಯಲ್ಲೇ 2 ಲಕ್ಷ 10 ಸಾವಿರ ಕೂಡುತ್ತದೆ. ಕಂತು ಶುರುವಾಗುವ ದಿನ ಸಾಲ 6 ಲಕ್ಷವಲ್ಲ, 8 ಲಕ್ಷ 10 ಸಾವಿರ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 10,700 ರೂಪಾಯಿ. ಕೊನೆಗೆ ಕಟ್ಟಿದ ಒಟ್ಟು ಮೊತ್ತ 12 ಲಕ್ಷ 84 ಸಾವಿರ. ಹದಿನೆಂಟು ಸಾವಿರದ ಹುಡುಗನಿಗೆ ಉಳಿಯುವುದು ಏಳು ಸಾವಿರದ ಮುನ್ನೂರು. ಅದರಲ್ಲಿ ಹುಬ್ಬಳ್ಳಿಯಲ್ಲಿ ರೂಮಿನ ಬಾಡಿಗೆ, ಖಾನಾವಳಿ, ಮನೆಗೊಂದಿಷ್ಟು. ಆಗದ ಮಾತು. ಆಗ ಕಂತು ಕಟ್ಟುವವರು ಯಾರು? ಕಾಗದದಲ್ಲಿ ಸಹ-ಸಾಲಗಾರನೆಂದು ಸಹಿ ಇಲ್ಲವೆ ಹೆಬ್ಬೆಟ್ಟು ಒತ್ತಿದ ಅಪ್ಪ.

ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಯಾವ ಅಡಮಾನವೂ ಬೇಡ. ಸರಕಾರದ ಖಾತರಿ ನಿಧಿಯ ಅಡಿಯಲ್ಲಿ ಏಳೂವರೆ ಲಕ್ಷದವರೆಗೂ ಹೊಲ-ಮನಿ ಬರೆದುಕೊಡಬೇಕಿಲ್ಲ. ಅದರಿಂದ ಹೊಲಕ್ಕೆ ಅಪಾಯವಿಲ್ಲ ಎಂದು ನಂಬಿ ಕೂರುತ್ತಾರೆ. ಮಗನ ಕಂತು ನಿಂತರೆ ಸಹ-ಸಾಲಗಾರನಾದ ಅಪ್ಪನ ಸಿಬಿಲ್ ಕೂಡ ಕೆಡುತ್ತದೆ. ಮುಂದಿನ ಹಿಂಗಾರಿಗೆ ಕಡಲೆ ಬಿತ್ತಲು ಬೆಳೆಸಾಲ ಕೇಳಲು ಹೋದಾಗ ಅದು ಅಡ್ಡ ಬರುತ್ತದೆ. ಆಮೇಲೆ ಅಪ್ಪ ಹೋಗುವುದು ಕೈಗಡದವರ ಹತ್ತಿರ, ನೂರಕ್ಕೆ ತಿಂಗಳಿಗೆ ಮೂರು, ಐದು ಕೇಳುವವರ ಹತ್ತಿರ. ಬ್ಯಾಂಕಿನ ವಹಿಯಲ್ಲಿ ಅದು ಶಿಕ್ಷಣ ಸಾಲದ ಖಾತೆ, ಇದು ಕೃಷಿ ಸಾಲದ ಖಾತೆ, ಬೇರೆ ಬೇರೆ. ಮನೆಯಲ್ಲಿ ಎರಡೂ ಒಂದೇ ಜಂತಿಗೆ ನೇತಾಡುತ್ತವೆ.

ಕಟ್ಟಲು ದಾರಿಗಳೇ ಇಲ್ಲವೆಂದಲ್ಲ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಇಲ್ಲವೆ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ, ವೃತ್ತಿಪರ ಕೋರ್ಸಿನ ಸಾಲಕ್ಕೆ ಆ ಐದು ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಮೇಲಿನ ಲೆಕ್ಕದಲ್ಲಿ ಆ 2 ಲಕ್ಷ 10 ಸಾವಿರ ಇಲ್ಲವಾದರೆ ತಿಂಗಳ ಕಂತು ಸುಮಾರು 7,930ಕ್ಕೆ ಇಳಿಯುತ್ತದೆ. ತಿಂಗಳಿಗೆ 2,770 ರೂಪಾಯಿಯ ವ್ಯತ್ಯಾಸ, ಹತ್ತು ವರ್ಷ! ತಹಶೀಲ್ದಾರರ ಆದಾಯ ಪ್ರಮಾಣಪತ್ರ ಹೊತ್ತಿಗೆ ಸರಿಯಾಗಿ ಬ್ಯಾಂಕಿಗೆ ಮುಟ್ಟಲಿಲ್ಲವೆಂದು ಇದನ್ನು ಕಳೆದುಕೊಂಡ ಮನೆಗಳನ್ನು ನಾನು ಬಲ್ಲೆ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ-ವಿದ್ಯಾಲಕ್ಷ್ಮಿಯಲ್ಲಿ ಎಂಟು ಲಕ್ಷದವರೆಗಿನ ಆದಾಯದವರಿಗೆ ಶೇಕಡಾ 3ರ ಬಡ್ಡಿ ರಿಯಾಯಿತಿ ಇದೆ. ಆದರೆ ಅದು ಪಟ್ಟಿಯಲ್ಲಿರುವ ಉತ್ತಮ ಶ್ರೇಣಿಯ ಸಂಸ್ಥೆಗಳಿಗೆ ಮಾತ್ರ. ನಮ್ಮ ರಾಜ್ಯದ ರೈತ ವಿದ್ಯಾನಿಧಿ 2021ರಿಂದ ಬಿ.ಟೆಕ್. ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 10 ಸಾವಿರ, ಹೆಣ್ಣುಮಕ್ಕಳಿಗೆ 11 ಸಾವಿರ ಎಂದು ಹೊರಟಿತು. 2020ರಲ್ಲಿ ಆದ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿ 'ಬಸವ ಬೆಳಗು' ಎಂಬ ಶಿಕ್ಷಣ ಸಾಲವಿದೆ, ಬಡ್ಡಿ ಅಲ್ಪ. ಅರ್ಜಿ ಹಾಕಿ. ಆದರೆ ಅದನ್ನೇ ನೆಚ್ಚಿ ಕಾಲೇಜಿಗೆ ಮುಂಗಡ ಕಟ್ಟಬೇಡಿ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಮನೆಯಲ್ಲಿ ಹೇಳುತ್ತೇವೆ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮರಳಿ ಸುರಿದು ಬರಲು ಹೇಳಿದ ತಾಯಿ ಅವಳು. ಸಾಲ ಮಂಜೂರಾಗುವ ಹೊತ್ತಿಗೆ ಈ ಕಥೆ ಯಾರಿಗೂ ನೆನಪಾಗುವುದಿಲ್ಲ. 'ಏಳು ಲಕ್ಷ ಮಂಜೂರಾಗೇತಿ, ಏಳೂ ಎತ್ತಿಬಿಡೂಣು' ಎನ್ನುತ್ತಾರೆ. ಎತ್ತಬೇಕೆಂದಿಲ್ಲ. ಆ ವರ್ಷದ ಫೀ, ಹಾಸ್ಟೆಲು ಎಷ್ಟೋ ಅಷ್ಟು. ಓದುವಾಗಲೇ ತಿಂಗಳಿಗೆ ಸಾವಿರ, ಸಾವಿರದೈನೂರು ಬಡ್ಡಿ ಕಟ್ಟುತ್ತ ಬಂದರೆ ಮುಂದಿನ ಹೊರೆ ಬಹಳ ಇಳಿಯುತ್ತದೆ; ಹಾಗೆ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇಕಡಾ 1 ಕಡಿಮೆ ಮಾಡುವ ಬ್ಯಾಂಕುಗಳೂ ಇವೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ ಇದೆ. ಅವರಿಗೆ ಬಡ್ಡಿಯಲ್ಲಿ ಅರ್ಧ ಶೇಕಡಾ ರಿಯಾಯಿತಿ ಇದ್ದರೂ ಸಾಲ ಕೇಳಲು ಅಪ್ಪಂದಿರು ಬರುವುದು ಕಡಿಮೆ. 'ಕೊಟ್ಟ ಮನಿಯವರು ಈ ಸಾಲ ತೀರಸ್ತಾರೇನ್ರಿ?' ಎನ್ನುತ್ತಾರೆ. ಅದೇ ಮನೆಯ ಗಂಡುಮಗನ ಮದುವೆಯ ಮಾತುಕತೆಯಲ್ಲಿ ನಡೆಯುವುದು ಇನ್ನೊಂದು. 'ನಮಗೇನೂ ಬ್ಯಾಡ್ರಿ. ಹುಡುಗಂದು ಓದಿನ ಸಾಲ ಒಂದೈತಿ, ಅದನ್ನೊಂದ ನೀವ ನೋಡ್ಕೊಂಬಿಡ್ರಿ.' ಈ ಮಾತನ್ನು ನಾನು ಎರಡು ಮನೆಗಳಲ್ಲಿ ನನ್ನ ಕಿವಿಯಾರೆ ಕೇಳಿದ್ದೇನೆ. ಹಣೆಗೆ ವಿಭೂತಿ, ಗೋಡೆಯ ಮೇಲೆ ಬಸವಣ್ಣನವರ ಫೋಟೋ. ವರದಕ್ಷಿಣೆ ಎಂಬ ಶಬ್ದ ಬರಲಿಲ್ಲ, ಕೆಲಸ ಆಯಿತು. ಹುಡುಗಿಯ ಅಪ್ಪ ತನ್ನ ಹೊಲದ ಮೇಲೆ ಸಾಲ ತೆಗೆದು ಇನ್ನೊಬ್ಬರ ಮಗನ ಇಂಜಿನಿಯರಿಂಗಿಗೆ ಫೀ ಕಟ್ಟಿದ ಹಾಗಾಯಿತಲ್ಲ! ಸಾಮೂಹಿಕ ವಿವಾಹಗಳಲ್ಲಿ ವರದಕ್ಷಿಣೆ ತೆಗೆದುಕೊಳ್ಳುವುದಿಲ್ಲವೆಂದು ಪ್ರಮಾಣ ಮಾಡಿಸುವ ಪೂಜ್ಯರು ಇನ್ನು ಮೇಲೆ ಓದಿನ ಸಾಲದ ಹೆಸರನ್ನೂ ಬಿಡಿಸಿ ಹೇಳಬೇಕು.

ಹಾಗಾದರೆ ಇಂಥ ಇಂಜಿನಿಯರಿಗೆ ನಮ್ಮ ಸೀಮೆಯಲ್ಲಿ ಕೆಲಸವೇ ಇಲ್ಲವೆ? ಕೆಲಸ ರಾಶಿ ಬಿದ್ದಿದೆ. 2014-15ರಿಂದ ಕೃಷಿ ಭಾಗ್ಯದಲ್ಲಿ ಹೊಂಡಗಳನ್ನು ತೋಡಿದೆವು. ನೀರು ಹರಿದು ಬರುವ ದಿಕ್ಕು ನೋಡದೆ, ಉತಾರದ ಮೂಲೆ ನೋಡಿ ತೋಡಿದ ಹೊಂಡಗಳೂ ಅದರಲ್ಲಿವೆ. ದೊಡ್ಡ ಮಳೆಗೆ ಒಡ್ಡು ಒಡೆದು ಎರಿ ಮಣ್ಣು ಹಳ್ಳ ಸೇರುತ್ತದೆ. ಕಡಲೆ ಕೀಳುವ ಆಳು ಸಿಗುವುದಿಲ್ಲ. ಉಳ್ಳಾಗಡ್ಡಿ ಕೊಳೆತರೆ ರಸ್ತೆಗೆ ಚೆಲ್ಲುತ್ತೇವೆ. ಎಲ್ಲದಕ್ಕೂ ಯಂತ್ರಕ್ಕೆ ಸಬ್ಸಿಡಿ ಇದೆ, ಪೈಪಿಗೆ ಸಬ್ಸಿಡಿ ಇದೆ. ತಿಳಿದವನ ಮಾತಿಗೆ ಬೆಲೆ ಇಲ್ಲ. ಹೊಂಡದ ಜಾಗ ಹೇಳಿದ ಇಂಜಿನಿಯರಿಗೆ ಐನೂರು ರೂಪಾಯಿ ಕೊಡಲು ನಮ್ಮ ಕೈ ಹಿಂಜರಿಯುತ್ತದೆ. ಅದೇ ಹೊಂಡ ತೋಡುವ ಜೆಸಿಬಿಗೆ ತಾಸಿನ ಲೆಕ್ಕದಲ್ಲಿ ಎಣಿಸಿ ಕೊಡುತ್ತೇವೆ. ಕಾಯಕವೆಂದರೆ ಮೈಬಗ್ಗಿಸಿದ್ದು ಮಾತ್ರ ಎಂಬ ತಿಳುವಳಿಕೆ ಇದಕ್ಕೆ ಕಾರಣವಿರಬಹುದು. ಬಸವಣ್ಣನವರ ಕಾಯಕ ಯಾವುದಾಗಿತ್ತು? ಭಂಡಾರದ ಲೆಕ್ಕ.

ಇನ್ನು ಮಠಗಳ ಮಾತು. ಸಮಾಜದ ಬಡ ಹುಡುಗರು ಹಿಂದೆ ಓದಿದ್ದು ಸಾಲದಿಂದಲ್ಲ. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡರಂಥವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದ್ದು ಕಾಲೇಜು ನಡೆಸಿ ಫೀ ಎಣಿಸಲಿಕ್ಕಲ್ಲ, ಓದುವವರಿಗೆ ಹಣ ಒದಗಿಸಲಿಕ್ಕೆ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆ ಬರೆದಿಟ್ಟರು. ಧಾರವಾಡ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ದೊಡ್ಡ ದೊಡ್ಡ ಹುದ್ದೆಗೇರಿದರು. ನಮ್ಮ ಜಿಲ್ಲೆಯ ಹೊಲಗಳಿಗೆ ಕುತ್ತು ಬಂದಾಗಲೂ ಮಠ ಸುಮ್ಮನಿರಲಿಲ್ಲ. 2011ರಲ್ಲಿ ಹಳ್ಳಿಗುಡಿಯ ಭೂಮಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಹೋಗುವುದನ್ನು ಗದಗಿನ ತೋಂಟದಾರ್ಯ ಮಠದ ಲಿಂ. ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ತಡೆದರು. ಅದಕ್ಕೂ ಮೊದಲು 1980ರ ಜುಲೈ 21ರಂದು ಮಲಪ್ರಭಾ ನೀರಿನ ಅಭಿವೃದ್ಧಿ ಕರ ಕಟ್ಟುವುದಿಲ್ಲವೆಂದು ನರಗುಂದ-ನವಲಗುಂದದ ರೈತರು ಗುಂಡಿಗೆ ಎದೆಯೊಡ್ಡಿದ್ದರು. ಅನ್ಯಾಯದ ಬಾಕಿಯನ್ನು ಕೂಡಿ ಪ್ರಶ್ನಿಸಿದ ನೆಲವಿದು. ಮಕ್ಕಳ ಓದಿನ ಬಾಕಿಯನ್ನು ಮಾತ್ರ ಒಬ್ಬೊಬ್ಬರೇ, ನೆರೆಮನೆಗೂ ಕೇಳಿಸದಂತೆ, ಅನುಭವಿಸುತ್ತಿದ್ದೇವೆ.

ಇಂದು ಮಠಗಳ ಹೆಸರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಆಡಳಿತ ಮಂಡಳಿಗಳಿವೆ, ಮ್ಯಾನೇಜ್‌ಮೆಂಟ್ ಸೀಟುಗಳಿವೆ. ಕಟ್ಟಡ, ಪ್ರಯೋಗಾಲಯ, ಅಧ್ಯಾಪಕರ ಪಗಾರ ಎಲ್ಲಕ್ಕೂ ಹಣ ಬೇಕು, ಒಪ್ಪಿದೆ. ಆದರೆ ಒಂದು ಕೆಲಸಕ್ಕೆ ಹಣ ಬೇಕಿಲ್ಲ. ಪ್ರವೇಶದ ಅರ್ಜಿಯ ಜೊತೆಗೆ ಒಂದು ಹಾಳೆ ಕೊಡಲಿ: ಈ ಕೋರ್ಸಿಗೆ ನಾಲ್ಕು ವರ್ಷಕ್ಕೆ ಎಲ್ಲ ಕೂಡಿ ಖರ್ಚೆಷ್ಟು; ಹೋದ ವರ್ಷ ಪಾಸಾದವರು ಎಷ್ಟು ಜನ, ಅದರಲ್ಲಿ ನೌಕರಿ ಸಿಕ್ಕವರು ಎಷ್ಟು, ನಡುವಿನವನ ಪಗಾರ ಎಷ್ಟು. ಫ್ಲೆಕ್ಸಿನಲ್ಲಿ ಹಾಕುವ 'ಅತ್ಯಧಿಕ ಪ್ಯಾಕೇಜ್' ಒಬ್ಬ ಹುಡುಗನದು. ಉಳಿದವರ ಅಪ್ಪಂದಿರೂ ಆ ಫ್ಲೆಕ್ಸ್ ನೋಡಿಯೇ ಸಹಿ ಹಾಕಿರುತ್ತಾರೆ.

ಎರಡನೆಯ ಕೆಲಸಕ್ಕೆ ಹಣ ಬೇಕು. ಜಾತ್ರೆ, ತುಲಾಭಾರ, ಬೆಳ್ಳಿಯ ಕೆಲಸಕ್ಕೆ ಭಕ್ತರು ಕೊಡುವುದರಲ್ಲಿ ಒಂದು ಪಾಲು ತೆಗೆದು ಬಡ್ಡಿಯಿಲ್ಲದ ವಿದ್ಯಾನಿಧಿ ಮಾಡಬಹುದು. 'ಮಠದ ದುಡ್ಡು ಅಂದ್ರ ಯಾರೂ ಹೊಳ್ಳಿ ಕೊಡೂದಿಲ್ಲ' ಎಂದು ಹಿರಿಯರೊಬ್ಬರು ನನಗೆ ಹೇಳಿದರು. ಕೊಡುವ ಹಾಗೆ ಕರಾರು ಮಾಡಬೇಕು. ಆಸ್ಟ್ರೇಲಿಯಾ ದೇಶದಲ್ಲಿ 1989ರಿಂದ ಒಂದು ಪದ್ಧತಿ ನಡೆದಿದೆ: ಪದವೀಧರನ ಗಳಿಕೆ ಒಂದು ಮಟ್ಟ ದಾಟುವವರೆಗೆ ಓದಿನ ಬಾಕಿ ವಸೂಲಿ ಇಲ್ಲ, ದಾಟಿದ ಮೇಲೆ ಗಳಿಕೆಗೆ ತಕ್ಕಂತೆ ಮುರಿದುಕೊಳ್ಳುತ್ತಾರೆ. ಮಠ ಅದನ್ನೇ ಸಣ್ಣದಾಗಿ ಮಾಡಲಿ. ಪಗಾರ ಇಪ್ಪತ್ತೈದು ಸಾವಿರ ದಾಟಿದ ತಿಂಗಳಿಂದ ಹತ್ತರಲ್ಲಿ ಒಂದು ಪಾಲು, ಅಸಲು ತೀರುವವರೆಗೆ. ಕೈಮೀರಿ ಬರದಿದ್ದವನಿಂದ ಬೇಡ. ದಾಸೋಹವೆಂದರೆ ಅನ್ನವಷ್ಟೇ ಎಂದು ಯಾರು ಹೇಳಿದರು?

ಮೂರನೆಯದು ನನ್ನ ಆಸೆ. ಕೆಲವು ಮಠಗಳಿಗೆ ಜಮೀನಿದೆ, ರಸ್ತೆ ಬದಿಯ ಜಾಗವಿದೆ. ಅಲ್ಲಿ ಒಂದು ಬಾಡಿಗೆ ಯಂತ್ರ ಕೇಂದ್ರ. ಸರಕಾರದ ಕೃಷಿ ಯಂತ್ರಧಾರೆ ಹೋಬಳಿ ಮಟ್ಟದಲ್ಲಿ ಇದ್ದರೂ ರಾಶಿಯ ಹಂಗಾಮಿನಲ್ಲಿ ಪಾಳಿ ಸಿಗುವುದು ಕಷ್ಟ. ಕೃಷಿ ಪದವೀಧರರಿಗಾಗಿ 2002ರಿಂದ ಇರುವ ಅಗ್ರಿ-ಕ್ಲಿನಿಕ್ ಯೋಜನೆಯಲ್ಲಿ 45 ದಿನದ ಉಚಿತ ತರಬೇತಿ, ಒಬ್ಬೊಬ್ಬರಿಗೆ 20 ಲಕ್ಷದವರೆಗಿನ ಯೋಜನೆಗೆ ಬ್ಯಾಂಕ್ ಸಾಲ, ಅದರ ಮೇಲೆ ಶೇಕಡಾ 36 ಸಹಾಯಧನ, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇಕಡಾ 44. ಮೊದಲ ಸಾಲವೇ ತೀರದ ಹುಡುಗನಿಗೆ ಬ್ಯಾಂಕು ಎರಡನೆಯದನ್ನು ಕೊಡಲು ಹಿಂದೆ ಮುಂದೆ ನೋಡುತ್ತದೆ. ಅಲ್ಲಿ ಮಠ ಜಾಗ ಕೊಟ್ಟು, ಹೆಸರು ಕೊಟ್ಟು ಬೆನ್ನಿಗೆ ನಿಲ್ಲಬೇಕು. ಇಬ್ಬರು ಕೃಷಿ ಇಂಜಿನಿಯರುಗಳು, ಇಬ್ಬರು ಮೆಕ್ಯಾನಿಕ್‌ಗಳು, ಸುತ್ತಲ ಹತ್ತು ಹಳ್ಳಿಯ ಹೊಲ. ಹೊಂಡದ ಜಾಗ ನೋಡಿ ಹೇಳಿದ್ದಕ್ಕೂ ರಸೀದಿ ಹರಿದು ದರ ತೆಗೆದುಕೊಳ್ಳಬೇಕು, ಪುಕ್ಕಟೆ ಬೇಡ. ಹೊಲಕ್ಕೆ ಮರಳಿದ ಇಂಜಿನಿಯರಿಗೆ ಕನ್ಯೆ ಕೊಡುವುದಿಲ್ಲ ಎನ್ನುವವರು ಮಠದ ಕೇಂದ್ರದ ಇಂಜಿನಿಯರಿಗೆ ಕೊಟ್ಟಾರು, ನಮ್ಮ ಜನರ ಸ್ವಭಾವ ನನಗೆ ಗೊತ್ತು.

ಇಷ್ಟೆಲ್ಲ ಆಗುವವರೆಗೆ ಈ ವರ್ಷದ ಪ್ರವೇಶ ಕಾಯುವುದಿಲ್ಲ. ಗಜೇಂದ್ರಗಡದ ಸುತ್ತಮುತ್ತಲಿನ ಪಾಲಕರು ಫಾರ್ಮಿಗೆ ಸಹಿ ಹಾಕುವ ಮುನ್ನ ನಾಲ್ಕು ಕಾಗದ ಹಿಡಿದುಕೊಂಡು ನಿಮ್ಮೂರಿನ ನಿವೃತ್ತ ಮಾಸ್ತರರ ಹತ್ತಿರವೋ, ಬ್ಯಾಂಕಿನಲ್ಲಿ ದುಡಿದವರ ಹತ್ತಿರವೋ ಹೋಗಿ ಒಂದು ತಾಸು ಕೂಡಿರಿ: ಕಾಲೇಜಿನ ನಾಲ್ಕೂ ವರ್ಷದ ಫೀ ಪಟ್ಟಿ, ಅದರ ನ್ಯಾಕ್ ಅಥವಾ ಎನ್‌ಬಿಎ ಪತ್ರದ ನಕಲು, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ನಿಮ್ಮ ಬೆಳೆಸಾಲದ ಪಾಸ್‌ಬುಕ್. ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಆ ಲೆಕ್ಕ ನೀವು ಮಾಡುವುದಕ್ಕಿಂತ ಅವರ ಕೈಯಿಂದಲೇ ಮಾಡಿಸುವುದು ಒಳ್ಳೆಯದು.